ವಿದ್ಯಾಲಯದ ಕಟ್ಟಳೆಯೂ ವಿದ್ಯಾರ್ಥಿಯ ನಡೆನುಡಿಯೂ



ಬೀದರ ಪಟ್ಟಣದಲ್ಲಿರುವ ಮಹಮೂದ ಗವಾನನ ಮದರಸೆಯನ್ನು ತಾವೆಲ್ಲರೂ ನೋಡಿರುವಿರಿ. 1472ರಲ್ಲಿ ನಿರ್ಮಿತವಾದ ಆ ಮೂರಂತಸ್ತಿನ ವಿದ್ಯಾಶಾಲೆಯ ಒಂದು ಪಾರ್ಶ್ವವು ಮುಂದೆ ಮದ್ದಿನ ಸ್ಫೋಟಕ್ಕೆ ತುತ್ತಾಗಿ ಬಿದ್ದುಹೋಯಿತು. ಆದರೂ ಉಳಿದುದನ್ನು ನೋಡಿದವರಿಗೆ ಒಂದು ಸಂಗತಿಯು ಹೊಳೆಯದಿರದು. ಪಾಠದ ಶಾಲೆ, ಗ್ರಂಥಾಲಯಗಳ ಸಂಗಡವೇ ಗುರುಗಳಿಗೂ ಶಿಷ್ಯರಿಗೂ ವಾಸದ ಕೋಣೆಗಳು ಅದೇ ಆವರಣದಲ್ಲಿದ್ದವು. ಊರು ಬಿಟ್ಟು ಬಂದ ಹುಡುಗನು ಎಲ್ಲಿ ಮಲಗುವನು, ಯಾರೊಡನೆ ಉಣ್ಣುವನು ಎಂಬುದೂ ವಿದ್ಯೆಗೆ ಸಂಬಂಧಪಟ್ಟುದೇ ಎಂದು ಕಟ್ಟಿಸಿದವನು ಅರಿತಿದ್ದನೆಂದು ತೋರುವದು.

ಇಂದು ಔರಾದ, ಭಾಲ್ಕಿಗಳ ಹಳ್ಳಿಗಳಿಂದ ಬೀದರಿನ ಕಾಲೇಜುಗಳಿಗೆ ಬರುವ ಮಕ್ಕಳನ್ನು ನೆನೆಯಿರಿ. ಕನ್ನಡ, ಮರಾಠಿ, ಉರ್ದು, ತೆಲುಗು ಈ ನಾಲ್ಕೂ ನಮ್ಮ ಸೀಮೆಯ ಒಂದೇ ಸಂತೆಯಲ್ಲಿ ಕೇಳಬರುವವು. ಔರಾದದ ಕಡೆಯ ಹುಡುಗನ ಕನ್ನಡದಲ್ಲಿ ಮರಾಠಿಯ ಎಳೆ ಕೂಡಿರುವದು ಸಹಜವೇ. ಅವನ ಮಾತನ್ನು ನಾಲ್ವರ ಮುಂದೆ ಮತ್ತೆ ಮತ್ತೆ ಆಡಿಸಿ ನಗುವದು ಹಿರಿಯ ವಿದ್ಯಾರ್ಥಿಗಳಿಗೆ ವಿನೋದವೆನಿಸಬಹುದು. ಆದರೆ ಆ ಹುಡುಗನು ಮರುದಿನ ತರಗತಿಯಲ್ಲಿ ಉತ್ತರ ಬಲ್ಲವನಾಗಿದ್ದೂ ಬಾಯಿ ತೆರೆಯನು. ಈ ಹಾನಿಯು ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸದು.

ಜನರು ರ್ಯಾಗಿಂಗ್ ಎಂದು ಕರೆಯುವ ಈ ಪೀಡೆಯನ್ನು 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ಅಪರಾಧವೆಂದು ಎಣಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ದೇಶದ ಉನ್ನತ ವಿದ್ಯಾಲಯಗಳಿಗೆಲ್ಲ ವಿಸ್ತಾರವಾದ ಕಟ್ಟಳೆಗಳನ್ನು ವಿಧಿಸಿತು. 2016ರ ತಿದ್ದುಪಡಿಯಲ್ಲಂತೂ ಜಾತಿ, ಮತ, ಬಣ್ಣ, ರೂಪ, ಬಡತನಗಳೊಡನೆ ನುಡಿ ಮತ್ತು ಹುಟ್ಟಿದ ಊರಿನ ಕಾರಣದಿಂದ ಮಾಡುವ ನಿಂದೆಯನ್ನೂ ಸೇರಿಸಲಾಯಿತು. ಬೀದರ ಸೀಮೆಯನ್ನು ಕಂಡೇ ಬರೆದರೋ ಎಂಬಂತಿದೆ ಆ ಮಾತು! ತಪ್ಪಿತಸ್ಥರು ಗೊತ್ತಾಗದಿದ್ದರೆ ಎಲ್ಲರನ್ನೂ ಒಟ್ಟಾಗಿ ಶಿಕ್ಷಿಸಬಹುದೆಂಬ ವಿಧಿಯೂ ಉಂಟು. ಒಬ್ಬನ ಪಾಪಕ್ಕೆ ನೂರು ಜನರನ್ನು ದಂಡಿಸುವದು ಮಾತ್ರ ಧರ್ಮಸಮ್ಮತವೆನ್ನಲು ಮನಸ್ಸೊಪ್ಪದು.

ನುಡಿಗಾಗಿ ನೊಂದ ನಾಡು ಇದು. ನಿಜಾಮರ ಆಳಿಕೆಯು 1948ರಲ್ಲಿ ಕೊನೆಗಾಣುವ ವರೆಗೆ ಇಲ್ಲಿ ಕನ್ನಡದ ಮಗುವಿಗೆ ತನ್ನ ನುಡಿಯಲ್ಲಿ ಕಲಿಯುವದೇ ದುರ್ಲಭವಾಗಿತ್ತು. ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ, ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಪೂಜ್ಯ ಚನ್ನಬಸವ ಪಟ್ಟದ್ದೇವರು ಬಾಗಿಲಿಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ವೃತ್ತಾಂತವು ಈ ಭಾಗದ ಮನೆಮನೆಗೂ ಗೊತ್ತು. ಬಡಮಕ್ಕಳಿಗಾಗಿ ಅವರು ಉಚಿತ ಪ್ರಸಾದನಿಲಯವನ್ನು ನಡೆಯಿಸಿದರು. ಜೋಳಿಗೆ ಹಿಡಿದು ತಂದ ಕಾಳು ಅಲ್ಲಿ ಅನ್ನವಾಯಿತು. ಅವರು 1999ರಲ್ಲಿ ಲಿಂಗೈಕ್ಯರಾದರು. ಪಂಕ್ತಿಯಲ್ಲಿ ಎಡಬಲದಲ್ಲಿ ಕುಳಿತು ಉಂಡವನ ಮಾತನ್ನು ಹೀಯಾಳಿಸಲು ನಾಲಗೆ ಸುಲಭವಾಗಿ ಏಳದು. ಅವರ ನೆರಳಿನಲ್ಲಿ ಕನ್ನಡ ಕಲಿತವರ ಮೊಮ್ಮಕ್ಕಳು ಇಂದು ಇನ್ನೊಬ್ಬನ ಮರಾಠಿಯನ್ನೋ ತೆಲುಗನ್ನೋ ಅಣಕಿಸಿದರೆ, ಆ ಉರ್ದು ಫಲಕವನ್ನು ತೂಗಿಸಬೇಕಾಗಿ ಬಂದ ಅನ್ಯಾಯವನ್ನೇ ಕೈ ಬದಲಿಸಿ ನಡೆಯಿಸಿದಂತಾಗುವದಿಲ್ಲವೇ?

ಹೊಸಬರನ್ನು ಸಾಧ್ಯವಾದ ಮಟ್ಟಿಗೆ ವಸತಿಗೃಹದ ಬೇರೆ ಭಾಗದಲ್ಲಿ ಇರಿಸಬೇಕೆಂದು ಆಯೋಗದ ಕಟ್ಟಳೆಯು ಹೇಳುವದು. ರಾತ್ರಿಯ ಕಾವಲಿಗೆ ಅದು ಅವಶ್ಯವೇ. ಆದರೆ ಊಟದ ಪಂಕ್ತಿಯೂ ವರ್ಷವಿಡೀ ಬೇರೆಯಾದರೆ ಹಿರಿಯನು ಕಿರಿಯನ ಹೆಸರನ್ನೂ ಅರಿಯನು. ಗುರುಗಳು ವಾರಕ್ಕೊಮ್ಮೆಯಾದರೂ ಮಕ್ಕಳ ಸಂಗಡ ಉಣ್ಣುವದಾದರೆ, ಯಾವನು ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದಾನೆಂಬುದು ದೂರಿನ ಪೆಟ್ಟಿಗೆಗಿಂತ ಮೊದಲೇ ತಿಳಿಯುವದು.

ಇನ್ನೊಂದು ಮಾತು. ಪ್ರವೇಶಕಾಲದಲ್ಲಿ ವಿದ್ಯಾರ್ಥಿಯೂ ತಂದೆತಾಯಿಗಳೂ ಪೀಡೆ ಮಾಡೆವೆಂದು ಮುಚ್ಚಳಿಕೆ ಬರೆದುಕೊಡಬೇಕು. ಅದು ಪ್ರಾದೇಶಿಕ ಭಾಷೆಯಲ್ಲಿಯೂ ಇರಬಹುದೆಂದು 2009ರ ಕಟ್ಟಳೆಯಲ್ಲಿಯೇ ಅವಕಾಶವಿತ್ತು. ಹೊಲ ಬಿಟ್ಟು ಮಗನೊಡನೆ ಬಂದ ತಂದೆಯು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋದರೆ ಅವನು ಯಾವುದಕ್ಕೆ ಒಪ್ಪಿದಂತಾಯಿತು? ಮೊದಲ ದಿನವೇ ಸಭೆ ಕೂಡಿಸಿ ಆ ಮುಚ್ಚಳಿಕೆಯನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಲಿ; ಓದುವವರು ಹಿರಿಯ ವಿದ್ಯಾರ್ಥಿಗಳೇ ಆಗಿರಲಿ.