ಸಹಿ ಹಾಕುವ ಮುನ್ನ

ಚಿಕ್ಕನಾಯಕನಹಳ್ಳಿಯ ಮಾನ್ಯ ಹೆತ್ತವರೇ,

ವಿಶೇಷ ಅಗತ್ಯವುಳ್ಳ ಮಗುವಿಗಾಗಿ ಸಂಪನ್ಮೂಲ ಶಿಕ್ಷಕರು ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಸಿದ್ಧಪಡಿಸುತ್ತಾರೆ. ಈ ವರ್ಷ ಮಗು ಏನನ್ನು ಕಲಿಯಬೇಕು, ಯಾರು ಕಲಿಸಬೇಕು ಎಂಬುದು ಅದರಲ್ಲಿರುತ್ತದೆ. ಆ ಸಭೆಗೆ ನಮ್ಮಲ್ಲಿ ಅನೇಕರು ಹೋಗುವುದಿಲ್ಲ. ಕಾಯಿ ಸುಲಿಯುವ ತಂದೆಗೆ ಅಂದಿನ ಕೂಲಿ ತಪ್ಪುತ್ತದೆ ಎಂಬುದೂ ಸುಳ್ಳಲ್ಲ. ಹೋದವರು ತೋರಿಸಿದಲ್ಲಿ ಸಹಿ ಹಾಕಿ ಮರಳುತ್ತಾರೆ.

ಮನೆಯಲ್ಲಿ ಉರ್ದು ಮಾತ್ರ ಕೇಳಿ ಬೆಳೆದ ಮಗುವನ್ನು ಕನ್ನಡದಲ್ಲಿ ಪ್ರಶ್ನಿಸಿದರೆ ಅದು ಸುಮ್ಮನಿರಬಹುದು. ‘ಮಾತು ಅರ್ಥವಾಗುವುದಿಲ್ಲ’ ಎಂದು ಬರೆದುಬಿಟ್ಟರೆ ಇಡೀ ವರ್ಷದ ಯೋಜನೆಯೇ ದಾರಿ ತಪ್ಪುತ್ತದೆ. ‘ಪಾನಿ ಲಾ’ ಎಂದರೆ ಅದು ಲೋಟ ಹಿಡಿದು ಬರುತ್ತದೆ ಎಂಬುದು ತಾಯಿಗಲ್ಲದೆ ಇನ್ನಾರಿಗೆ ಗೊತ್ತು? ಅದನ್ನು ಹೇಳಿರಿ, ಬರೆಸಿರಿ.

ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಮು ನೀಡಿದೆ. ಆಯ್ಕೆ ಮಗುವಿನದು ಎಂದೂ ಅದು ಹೇಳುತ್ತದೆ. ಆದ್ದರಿಂದ ಮಗುವನ್ನೂ ಸಭೆಗೆ ಕರೆದೊಯ್ಯಿರಿ. ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು ಎಂದು ಅದನ್ನೇ ಕೇಳಲಿ. ಸನ್ನೆಯಲ್ಲಿ ತೋರಿಸಿದರೂ ಬರೆದುಕೊಳ್ಳಲಿ.

ಯೋಜನೆಯ ಪ್ರತಿಯನ್ನು ಕೇಳಿ ಪಡೆಯಿರಿ. ಓದಲು ಬಾರದಿದ್ದರೆ ಅಲ್ಲಿಯೇ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿರಿ.