ಟ್ರೇಲರಿನ ಹಿಂಬದಿ ದೀಪಕ್ಕೆ ಸಿಲಿಕೋನ್ ಗ್ರೀಸು



ಕಬ್ಬು ಹೇರಿದ ಟ್ರೇಲರಿನ ಹಿಂಬದಿಯ ಕೆಂಪು ದೀಪ ರಾತ್ರಿ ಉರಿಯದಿದ್ದರೆ, ಹಿಂದಿನಿಂದ ಬರುವ ಸವಾರ ನೇರವಾಗಿ ಬಂದು ಗುದ್ದುವ ಅಪಾಯವಿದೆ. ಬಲ್ಬು ಸುಟ್ಟಿರಬೇಕೆಂದು ಬದಲಾಯಿಸುವವರೇ ಹೆಚ್ಚು. ಅನೇಕ ವೇಳೆ ದೋಷವಿರುವುದು ಟ್ರೇಲರಿಗೆ ತಂತಿ ಕೂಡಿಸುವ ಪ್ಲಗ್ಗಿನಲ್ಲಿ. ನೀರು, ಕೆಸರು ಸೇರಿ ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ.

ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ, ಪಿನ್ನುಗಳನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಬೇಕು. ಬಳಿಕ ಡೈಎಲೆಕ್ಟ್ರಿಕ್, ಅಂದರೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ ಪ್ಲಗ್ಗನ್ನು ಒತ್ತಿ ಕೂಡಿಸಬೇಕು. ಈ ಗ್ರೀಸಿನ ಮೂಲಕ ವಿದ್ಯುತ್ ಹರಿಯದು. ಪಿನ್ನು ಬಿಗಿಯಾಗಿ ಕುಳಿತಾಗ ಲೋಹ ತಾಗುವಲ್ಲಿ ಅದು ಪಕ್ಕಕ್ಕೆ ಸರಿದು, ಸುತ್ತಲೂ ನಿಂತು ನೀರನ್ನು ತಡೆಯುತ್ತದೆ. ಸಡಿಲವಾದ ಪಿನ್ನಿಗೆ ಮಾತ್ರ ಇದು ಮದ್ದಲ್ಲ. ಗಾಲಿಗೆ ಹಾಕುವ ಗ್ರೀಸು ಬಳಿಯಬೇಡಿ. ಅದು ಪ್ಲಗ್ಗಿನ ರಬ್ಬರನ್ನು ಉಬ್ಬಿಸಿ ಕೆಡಿಸೀತು.