ನೆಲೆ ತಪ್ಪದಿರಲಿ



ಇಂಗ್ಲಿಷಿನಲ್ಲಿ ‘ಸ್ಟೆಡ್‌ಫಾಸ್ಟ್’ ಎಂಬ ಮಾತಿದೆ, ಅಚಲ ಎಂದರ್ಥ. ಸಾವಿರ ವರ್ಷಕ್ಕೂ ಹಳೆಯ ಪದ. ‘ಸ್ಟೆಡ್’ ಎಂದರೆ ನೆಲೆ. ‘ಫಾಸ್ಟ್’ ಎಂದೊಡನೆ ನಿಮಗೆ ವೇಗದ ಬಸ್ಸು ನೆನಪಾದೀತು. ಆದರೆ ಅದರ ಮೊದಲ ಅರ್ಥ ‘ಬಿಗಿ’. ನೆಲೆಯಲ್ಲಿ ಬಿಗಿಯಾಗಿ ನಿಂತವನೇ ಸ್ಟೆಡ್‌ಫಾಸ್ಟ್. ಆ ‘ಸ್ಟೆಡ್’ ನಮ್ಮ ‘ಸ್ಥಿತಿ’ಗೆ ಒಡಹುಟ್ಟಿದ ಪದ; ‘ನಿಷ್ಠೆ’ಯೂ ಅದೇ ಬೇರಿನದು. ಷಟ್‌ಸ್ಥಲದಲ್ಲಿ ಎರಡನೆಯದಾದ ಮಹೇಶಸ್ಥಲದ ಭಕ್ತಿಯೇ ನಿಷ್ಠಾಭಕ್ತಿ.

ಹಾಗಾದರೆ ನಮ್ಮ ನೆಲೆ ಯಾವುದು? ಮನೆ ಬಿಟ್ಟರೂ, ಊರು ಬಿಟ್ಟರೂ ಎದೆಯ ಮೇಲಿನ ಇಷ್ಟಲಿಂಗ ಜೊತೆಗೇ ಬರುತ್ತದೆ. ನಡೆದಾಡಿದರೂ ನೆಲೆ ತಪ್ಪುವುದಿಲ್ಲ. ನಾವು ಹೇಳುವುದಿಷ್ಟೆ: ಮಗುವಿಗೆ ಜ್ವರ ಬಂದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ಹರಕೆ ಹೊತ್ತು ಹತ್ತು ಗುಡಿಗಳಿಗೆ ಓಡಬೇಡಿ. ಕಷ್ಟ ಬಂದ ದಿನವೇ ನಿಷ್ಠೆಯ ಪರೀಕ್ಷೆ.